ಬಸಿಯದ ನೀರು

ಹಿಪ್ಪರಗಿಯಿಂದ ಒಂದು ಹರದಾರಿ ಕೆಳಗೆ, ಕೃಷ್ಣೆಯ ದಂಡೆಗೆ ಒಂದು ಊರಿದೆ. ಆ ಊರಲ್ಲಿ ಬದುವಿನ ಜಗಳ ಬಿದ್ದರೆ ಮಂದಿ ವಕೀಲರ ಹತ್ತಿರ ಹೋಗುವ ಮೊದಲು ಗಿರಿಮಲ್ಲಪ್ಪನ ಕಟ್ಟೆಗೆ ಬರುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಆರು ಎಕರೆ ಹೊಲದ ಒಡೆಯ. ಎರಡೂ ಕಡೆಯವರ ಮಾತು ಕೇಳಿ, ತಾನೇ ಹೊಲಕ್ಕೆ ಹೋಗಿ, ಹೆಜ್ಜೆ ಹಾಕಿ ಅಳೆದು, ಆಮೇಲೆ ಬಾಯಿ ತೆರೆಯುತ್ತಿದ್ದ. ಕಣ್ಣಿಂದ ನೋಡದ್ದನ್ನು ಗಿರಿಮಲ್ಲಪ್ಪ ಹೇಳುವುದಿಲ್ಲ ಅನ್ನುವುದು ಊರ ನಂಬಿಕೆ. ಅದಕ್ಕೇ ಸವಳು ಜವಳು ಯೋಜನೆ ಬಂದಾಗ ರೈತರ ಸಂಘಕ್ಕೆ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು.

ಸವಳು ಜವಳು ಅಂದರೆ ಆ ಊರಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಬ್ಯಾರೇಜು ಆದಮೇಲೆ ನೀರಿಗೆ ಕೊರತೆ ಇರಲಿಲ್ಲ. ವರ್ಷದ ಮೇಲೆ ವರ್ಷ ಕಬ್ಬು, ಕಬ್ಬಿನ ಮೇಲೆ ಕಬ್ಬು. ಎರೆ ಮಣ್ಣು ಕುಡಿದ ನೀರನ್ನು ಬಿಟ್ಟುಕೊಡುವ ಜಾತಿಯದಲ್ಲ. ನೆಲದಡಿ ನಿಂತ ನೀರು ಮೆಲ್ಲಗೆ ಮೇಲೆ ಬಂತು, ಬರುವಾಗ ಉಪ್ಪನ್ನೂ ಹೊತ್ತುಕೊಂಡು ಬಂತು. ಚಳಿಗಾಲದ ಮುಂಜಾನೆ ತಗ್ಗಿನ ಹೊಲಗಳು ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಕಾಣುತ್ತಿದ್ದವು. ಗಿರಿಮಲ್ಲಪ್ಪನ ಆರು ಎಕರೆಯಲ್ಲಿ ನಾಲ್ಕು ಹೀಗೇ ಹೋಗಿದ್ದವು. ಪಕ್ಕದ ಸಾತಪ್ಪನ ಒಂದೂವರೆ ಎಕರೆ ಪೂರಾ ಹೋಗಿತ್ತು. ಹಾಕಿದ ಕಬ್ಬು ಮೊಣಕಾಲುದ್ದ ಬಂದು ಹಳದಿಯಾಗಿ ನಿಂತುಬಿಡುತ್ತಿತ್ತು.

ಯೋಜನೆ ಸರಳವಾಗಿತ್ತು. ಹೊಲದಲ್ಲಿ ನಾಲ್ಕು ಫೂಟು ಆಳಕ್ಕೆ ಸಾಲು ತೋಡಿ, ಮೈತುಂಬ ಸಣ್ಣ ತೂತುಗಳಿರುವ, ಜಾಳಿಗೆ ಬಟ್ಟೆ ಸುತ್ತಿದ ಹಳದಿ ಪೈಪನ್ನು ಹೂಳುವುದು. ನೆಲದಡಿಯ ಉಪ್ಪುನೀರು ಪೈಪಿನೊಳಗೆ ಬಸಿದು ದೊಡ್ಡ ಪೈಪಿಗೆ ಸೇರಿ ಹಳ್ಳಕ್ಕೆ ಹೋಗುವುದು. ಖರ್ಚೆಲ್ಲ ಸರ್ಕಾರದ್ದು. ರೈತರು ಒಂದು ಹಂಗಾಮು ಹೊಲ ಖಾಲಿ ಬಿಡಬೇಕು. ಕೆಲಸ ಮುಗಿದ ಮೇಲೆ, ಕೆಲಸ ಸರಿಯಾಗಿದೆ ಎಂದು ಸಂಘದ ಅಧ್ಯಕ್ಷ ಬರೆದುಕೊಡಬೇಕು.

ಮೂವತ್ತೆಂಟು ಮಂದಿ ರೈತರಲ್ಲಿ ಮುಕ್ಕಾಲುಪಾಲು ಮಂದಿಗೆ ಸಂಶಯ. ಸರ್ಕಾರದವರು ಹೊಲ ಅಗೆದರೆ ನಾಳೆ ಹೊಲವೇ ಅವರದಾಗುತ್ತದೆ ಎಂದು ಒಬ್ಬ, ಪೈಪಿನ ಮೇಲೆ ಟ್ರ್ಯಾಕ್ಟರ್ ಹೊಡೆಯಲು ಬಿಡುವುದಿಲ್ಲ ಎಂದು ಇನ್ನೊಬ್ಬ. ಗಿರಿಮಲ್ಲಪ್ಪ ಇಪ್ಪತ್ತು ದಿನ ಮನೆಮನೆ ತಿರುಗಿದ. ಒಪ್ಪದವರ ಕಟ್ಟೆಯ ಮೇಲೆ ಮತ್ತೆ ಮತ್ತೆ ಹೋಗಿ ಕೂತ. ಕಡೆಗೆ ಮೂವತ್ತೆಂಟು ಮಂದಿಯೂ ಒಪ್ಪಿದರು. ಸರ್ಕಾರವನ್ನು ನಂಬಿ ಅಲ್ಲ, ಅವನನ್ನು ನಂಬಿ.

ಗುತ್ತಿಗೆ ಹಿಡಿದ ಕಂಪನಿ ಎಲ್ಲಿಯದೋ. ಊರಲ್ಲಿ ಕೆಲಸ ಮಾಡಿಸಲು ಅವರು ಹಿಡಿದದ್ದು ಯಲ್ಲಾಲಿಂಗನನ್ನು. ಅವನು ಗಿರಿಮಲ್ಲಪ್ಪನ ಖಾಸ ಅಕ್ಕನ ಮಗ. ಎರಡು ಜೆಸಿಬಿ ಇಟ್ಟುಕೊಂಡಿದ್ದ, ತಾಲೂಕಿನ ಎಲ್ಲ ಆಫೀಸುಗಳಲ್ಲೂ ಗುರುತು ಇಟ್ಟುಕೊಂಡಿದ್ದ. ಮಾಮಾನನ್ನು ಕಂಡರೆ ದಾರಿಯಲ್ಲೇ ಬಗ್ಗಿ ಕಾಲು ಮುಟ್ಟುವ ಹುಡುಗ. ಅವನು ಕೆಲಸ ಹಿಡಿದದ್ದಕ್ಕೆ ಗಿರಿಮಲ್ಲಪ್ಪನಿಗೆ ಸಮಾಧಾನವೇ ಆಗಿತ್ತು.

ಮೊದಲ ವಾರ ಗಿರಿಮಲ್ಲಪ್ಪ ಬಿಸಿಲಲ್ಲಿ ಕೊಡೆ ಹಿಡಿದು ತೋಡಿನ ದಂಡೆಗೇ ಕೂತಿದ್ದ. ಆಳ ನೋಡಿದ, ಇಳಿಜಾರು ನೋಡಿದ, ಜೋಡಣೆ ಎಳೆದು ನೋಡಿದ. ಮೇಲಿನ ಎಂಟು ಹೊಲಗಳಿಗೆ ಪೈಪು ಬಿದ್ದದ್ದು ಅವನ ಕಣ್ಣೆದುರಿಗೇ. ಅಷ್ಟರಲ್ಲಿ ಹೆಂಡತಿ ಮುತ್ತವ್ವನ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಮುಧೋಳದಲ್ಲಿ ಮಗಳು ವೈಶಾಲಿಯ ಮನೆ. ಕಣ್ಣಿಗೆ ಹೊತ್ತುಹೊತ್ತಿಗೆ ಔಷಧ ಹಾಕಬೇಕು, ಮಗಳು ಶಾಲೆಯ ಕೆಲಸಕ್ಕೆ ಹೋಗುವವಳು. ಹಾಗಾಗಿ ಅವನೂ ಹತ್ತು ದಿನ ಅಲ್ಲೇ ಉಳಿದ. ಯಲ್ಲಾಲಿಂಗ ದಿನಾ ಫೋನ್ ಮಾಡಿ ಕೆಲಸದ ಫೋಟೋ ಕಳಿಸುತ್ತಿದ್ದ. ಮರಳಿ ಬಂದಾಗ ಎಲ್ಲ ತೋಡು ಮುಚ್ಚಿ, ನೆಲ ಹದ ಮಾಡಿ ಆಗಿತ್ತು.

ಮರುದಿನವೇ ಸಾಹೇಬರು ಬಂದರು. ಹಳ್ಳದ ಬಾಯಿಗೆ ಇಟ್ಟ ದೊಡ್ಡ ಪೈಪಿನಿಂದ ಕಪ್ಪು ನೀರು ಹರಿಯಿತು. ಎಲ್ಲರೂ ಫೋಟೋ ತೆಗೆದುಕೊಂಡರು. ಗಿರಿಮಲ್ಲಪ್ಪನಿಗೆ ಶಾಲು ಹೊದಿಸಿದರು. ತನ್ನ ನೆಲದ ಉಪ್ಪು ಹೊರಗೆ ಹೋಗುತ್ತಿದೆ ಎಂದು ಅವನ ಕಣ್ಣು ತುಂಬಿದವು. ಅದೇ ಮಧ್ಯಾಹ್ನ ಯಲ್ಲಾಲಿಂಗ ತಂದ ಕಾಗದಕ್ಕೆ ಸಹಿ ಹಾಕಿದ.

ಎರಡು ವರ್ಷ ಹೋದವು. ಹೊಲ ಹಾಗೇ ಬೆಳ್ಳಗಿತ್ತು. ಆಫೀಸಿನಲ್ಲಿ ಕೇಳಿದರೆ, ಇಪ್ಪತ್ತು ವರ್ಷದ ಉಪ್ಪು ಎರಡು ವರ್ಷದಲ್ಲಿ ಹೋಗುತ್ತದೆಯೇ ಎಂದು ನಕ್ಕರು. ಗಿರಿಮಲ್ಲಪ್ಪ ಅದೇ ಮಾತನ್ನು ಊರಿಗೆ ತಂದು ಎಲ್ಲರಿಗೂ ಹೇಳಿದ. ಹಸಿರುಗೊಬ್ಬರಕ್ಕೆಂದು ಸೆಣಬು ಬಿತ್ತಿ ಮಣ್ಣಿಗೆ ಉತ್ತು ಸೇರಿಸಿದ, ಜಿಪ್ಸಂ ಹಾಕಿದ, ಕಾದ. ಯಾರೂ ಅವನೆದುರಿಗೆ ಗೊಣಗಲಿಲ್ಲ. ಯಾಕೆ ಗೊಣಗಲಿಲ್ಲ ಎಂದು ಅವನು ಆಗ ಯೋಚಿಸಲೂ ಇಲ್ಲ.

ಅಷ್ಟರಲ್ಲಿ ಊರು ಮಾದರಿ ಗ್ರಾಮವಾಯಿತು. ಮಣ್ಣು ಉಳಿಸಿದ ಊರು ಎಂದು ಬೇರೆ ತಾಲೂಕಿನ ರೈತರನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು ತೋರಿಸತೊಡಗಿದರು. ಬಂದವರನ್ನು ಮೊದಲು ಮೇಲಿನ ಎಂಟು ಹೊಲಗಳಿಗೆ, ಅಲ್ಲಿಂದ ಯಲ್ಲಾಲಿಂಗನ ಹೊಲಕ್ಕೆ ಒಯ್ಯುತ್ತಿದ್ದರು. ಯಲ್ಲಾಲಿಂಗನದು ಮಡ್ಡಿ ಹೊಲ, ಎತ್ತರದ ನೆಲ. ಸವಳು ಅದರ ಹತ್ತಿರವೂ ಸುಳಿದದ್ದಿಲ್ಲ. ಆಳೆತ್ತರ ಮೀರಿದ ಕಬ್ಬಿನ ಮುಂದೆ ಗಿರಿಮಲ್ಲಪ್ಪನನ್ನು ನಿಲ್ಲಿಸಿ ಕೈಗೆ ಮೈಕು ಕೊಡುತ್ತಿದ್ದರು. ಅದು ತನ್ನ ಹೊಲ ಎಂದು ಅವನು ಎಂದೂ ಹೇಳಲಿಲ್ಲ. ಅದು ಸವಳಾಗಿತ್ತು ಎಂದೂ ಹೇಳಲಿಲ್ಲ. ಯೋಜನೆ ಚೆನ್ನಾಗಿದೆ, ಒಪ್ಪಿಕೊಳ್ಳಿ ಎನ್ನುತ್ತಿದ್ದ, ಅಷ್ಟೇ. ಉಳಿದದ್ದನ್ನು ಕೇಳುವವರೇ ಕೂಡಿಸಿಕೊಳ್ಳುತ್ತಿದ್ದರು. ಕೂಡಿಸಿಕೊಳ್ಳುತ್ತಾರೆ ಎಂದು ಅವನಿಗೂ ಗೊತ್ತಿತ್ತು.

ಜನವರಿಯಲ್ಲಿ ಬೀಳಗಿ ಕಡೆಯಿಂದ ಒಂದು ಬಸ್ಸು ಬಂತು. ಹಿನ್ನೀರಿನ ದಂಡೆಯ ಊರಿನವರು. ಅವರಲ್ಲಿ ರುಕ್ಮವ್ವ ಎಂಬ ಹೆಣ್ಣುಮಗಳಿದ್ದಳು. ಐವತ್ತರ ಆಸುಪಾಸು, ಗಂಡ ಇಲ್ಲ, ಮೂರು ಎಕರೆ ತಾನೇ ಮಾಡಿಸುವವಳು. ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅವಳು ಕಬ್ಬಿನ ಬುಡಕ್ಕೆ ಕೂತು ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಪುಡಿ ಮಾಡಿ ನೋಡಿದಳು. ಆಮೇಲೆ ಗಿರಿಮಲ್ಲಪ್ಪನ ಹತ್ತಿರ ಬಂದಳು.

"ಯಜಮಾನ್ರ, ಇದು ನಿಮ್ಮ ಹೊಲ ಏನ್ರಿ?"

ಅಲ್ಲ, ಅಕ್ಕನ ಮಗನದು ಎಂದ. ನಿಮ್ಮದು ಎಲ್ಲಿ ಎಂದಳು. ಕೆಳಗೆ ಎಂದ. ಅದನ್ನು ತೋರಿಸಿ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದ. ಬಸ್ಸಿನ ಡ್ರೈವರ್ ಇನ್ನೂ ಚಹಾದ ಕಪ್ಪು ಹಿಡಿದು ನಿಂತಿದ್ದ. ಇಬ್ಬರೂ ಅವನತ್ತ ನೋಡಿದರು.

"ನೀವು ಹೂಂ ಅಂದ್ರ ನಮ್ಮೂರಾಗ ಸಹಿ ಮಾಡತಾರ್ರಿ," ಅಂದಳು ರುಕ್ಮವ್ವ. "ಅದಕ್ಕ ಕೇಳೀನಿ. ಖರೇನ ಛಲೋ ಆಗೈತೇನ್ರಿ?"

ಗಿರಿಮಲ್ಲಪ್ಪ ಹೂಂ ಅಂದ.

ಬಸ್ಸು ಹೋಯಿತು. ನಲವತ್ತು ವರ್ಷ ಊರ ಜಗಳ ಬಗೆಹರಿಸಿದವನು, ನೋಡದ್ದನ್ನು ಹೇಳುವುದಿಲ್ಲ ಅನ್ನಿಸಿಕೊಂಡವನು, ಗುರುತಿಲ್ಲದ ಹೆಣ್ಣುಮಗಳಿಗೆ ಮುಖ ನೋಡಿ ಸುಳ್ಳು ಹೇಳಿದ್ದ.

ಮರುದಿನ ಮುಂಜಾನೆ ಸಂಘದ ಪೆಟ್ಟಿಗೆಯಲ್ಲಿದ್ದ ನಕಾಶೆ, ಗುದ್ದಲಿ, ಸಲಿಕೆ ತೆಗೆದುಕೊಂಡು ಹೊಲಕ್ಕೆ ಹೋದ. ಪಕ್ಕದ ಹೊಲದಲ್ಲಿ ಸಾತಪ್ಪ ಮೇವು ಕೊಯ್ಯುತ್ತಿದ್ದ. ಸಾತಪ್ಪ ಅವನ ಓರಗೆಯವನು. ಅವನ ಮಗಳು ಸಂಧ್ಯಾ ಓದಿ ಎಂಜಿನಿಯರಾಗಿ ಈಗ ಜಮಖಂಡಿಯಲ್ಲಿ ಇದೇ ಯೋಜನೆಯ ಆಫೀಸಿನಲ್ಲಿದ್ದಳು. ಒಂದು ಕಡೆ ಅಗೆದು ನೋಡೋಣ ಬಾ ಎಂದು ಗಿರಿಮಲ್ಲಪ್ಪ ಕರೆದ. ಸಾತಪ್ಪ ಸ್ವಲ್ಪ ಹೊತ್ತು ಕುಡುಗೋಲು ಹಿಡಿದು ನಿಂತ. ಆಮೇಲೆ ಬಂದ.

ನಕಾಶೆಯಲ್ಲಿ ಗೆರೆ ಇದ್ದಲ್ಲಿ ನಾಲ್ಕು ಫೂಟು ಅಗೆದರು. ಪೈಪು ಇರಲಿಲ್ಲ. ಗೆರೆ ಒಂದಿಷ್ಟು ಆಚೀಚೆ ಆಗಿರಬಹುದು ಎಂದು ಅಡ್ಡಕ್ಕೆ ಅಗೆಯುತ್ತ ಹೋದರು. ಜಿಗುಟು ಮಣ್ಣು, ಸಲಿಕೆಗೆ ಅಂಟಿ ಬಿಡದು. ಇಪ್ಪತ್ತು ಹೆಜ್ಜೆ ಅಗೆದರೂ ಬರೀ ಮಣ್ಣು, ಬರೀ ನಾರುವ ನೀರು. ಕಡೆಗೆ ಬದುವಿನ ಮೂಲೆಯ, ಪೈಪುಗಳು ಬಂದು ಕೂಡುವ ಸಿಮೆಂಟಿನ ಚೇಂಬರಿನ ಮುಚ್ಚಳ ತೆಗೆದರು. ಅದರ ಗೋಡೆಯಿಂದ ಹಳದಿ ಪೈಪಿನ ಬಾಯಿ ಇಣುಕುತ್ತಿತ್ತು. ಚೇಂಬರಿನ ಹೊರಗೆ ಅದೇ ಗುರುತು ಹಿಡಿದು ಅಗೆದರು. ಪೈಪು ಎರಡು ಮೊಳ ಇತ್ತು. ಅಷ್ಟೇ. ಅದರ ಕೊನೆಗೆ ಗೊಬ್ಬರದ ಚೀಲ ತುರುಕಿತ್ತು. ಗಿರಿಮಲ್ಲಪ್ಪ ಚೀಲ ಎಳೆದ. ಕೊಳೆತ ಕಪ್ಪು ರಾಡಿ ಅವನ ಕಾಲ ಮೇಲೆ ಸುರಿಯಿತು.

ಅವನು ಕಾಲು ತೊಳೆಯಲಿಲ್ಲ. ಬದುವಿನ ಮೇಲೆ ಕೂತ.

"ನನಗ ಗೊತ್ತಿತ್ತು ಅಣ್ಣಾರ," ಅಂದ ಸಾತಪ್ಪ.

ಸಾತಪ್ಪ ನಿಧಾನಕ್ಕೆ ಎಲ್ಲ ಹೇಳಿದ. ಗಿರಿಮಲ್ಲಪ್ಪ ಮುಧೋಳಕ್ಕೆ ಹೋದ ಎರಡನೇ ದಿನದಿಂದ ತೋಡು ತೋಡುವುದು, ಫೋಟೋ ಹೊಡೆಯುವುದು, ಮುಚ್ಚುವುದು. ಒಂದೇ ಪೈಪಿನ ಸುರುಳಿಯನ್ನು ಹೊಲದಿಂದ ಹೊಲಕ್ಕೆ ಒಯ್ದು ಫೋಟೋ ತೆಗೆದರು. ಸಾಹೇಬರು ಬಂದ ದಿನ ಮುಂಜಾನೆ ಟ್ಯಾಂಕರು ತಂದು ಮೇಲಿನ ಚೇಂಬರಿಗೆ ಎರೆ ಮಣ್ಣು ಕದಡಿದ ನೀರು ಬಿಟ್ಟರು. ಹಳ್ಳದ ಬಾಯಲ್ಲಿ ಬಂದದ್ದು ಟ್ಯಾಂಕರಿನ ನೀರು. ಇದು ಉಳಿದ ಮೂವತ್ತೇಳು ಮನೆಗೂ ಗೊತ್ತು. ಗೊತ್ತಿಲ್ಲದವನು ಒಬ್ಬನೇ.

ಯಾಕೆ ಹೇಳಲಿಲ್ಲ ಎಂದು ಗಿರಿಮಲ್ಲಪ್ಪ ಕೇಳಿದ.

"ನಿಮಗ ಹೇಳಿದ್ರ ನೀವು ಸುಮ್ಮ ಕೂಡತಿದ್ದಿಲ್ಲ. ಕೆಲಸ ನಿಂತು ಹೊಕ್ಕಿತ್ತು. ಎಂಟು ಮಂದಿಗರ ಆತಲ್ಲ ಅಂದ್ವಿ. ಆಮ್ಯಾಲ ನನ್ನ ಮಗಳಿಗೆ ಅದ ಆಫೀಸಿನಾಗ ನೌಕರಿ ಆತು. ನನ್ನ ಬಾಯಿ ಅಲ್ಲೇ ಹೊಲಿದಂಗ ಆತು."

ಹಾಗಾದರೆ ಪೈಪೆಲ್ಲ ಎಲ್ಲಿ ಹೋಯಿತು ಎಂದು ಕೇಳಿದ. ಹೆಚ್ಚಿನದು ಲಾರಿಯಲ್ಲಿ ಹೋಯಿತು ಎಂದ ಸಾತಪ್ಪ. ಕೆಸರು ಮೆತ್ತಿದ ಕೈ ಒರೆಸಿಕೊಳ್ಳುತ್ತ, ಮಿಕ್ಕದ್ದು ಬೇಕಾದರೆ ಮನೆಗೆ ಹೋಗಿ ಹಿತ್ತಿಲು ನೋಡಿ ಎಂದ.

ಹಿತ್ತಿಲಲ್ಲಿ, ಬಚ್ಚಲಿನ ಗೋಡೆಯಿಂದ ಹೊರಬಂದು ತೆಂಗಿನ ಬುಡದವರೆಗೆ ಹಳದಿ ಪೈಪು ಮಲಗಿತ್ತು. ಸುತ್ತಿದ್ದ ಜಾಳಿಗೆ ಅಲ್ಲಲ್ಲಿ ಹರಿದು, ತೂತುಗಳಿಂದ ಸಾಬೂನಿನ ನೊರೆ ಜಿನುಗುತ್ತಿತ್ತು. ಎರಡು ವರ್ಷ ಅವನು ದಿನಾ ಸ್ನಾನ ಮಾಡಿದ ನೀರು ಅದರೊಳಗೇ ಹೋಗಿತ್ತು.

ಇದನ್ನು ಯಾರು ಹಾಕಿದರು ಎಂದು ಮುತ್ತವ್ವನನ್ನು ಕೇಳಿದ. ನಾವು ಮುಧೋಳದಲ್ಲಿದ್ದಾಗ ಯಲ್ಲಾಲಿಂಗ ಹಾಕಿಸಿದ್ದಾನೆ, ಉಳಿದ ಪೈಪು ಅಂದ, ಬಚ್ಚಲ ನೀರು ಅಂಗಳಕ್ಕೆ ಬರುತ್ತಿತ್ತಲ್ಲ, ಒಳ್ಳೆಯದೇ ಆಯಿತು ಅಂದುಕೊಂಡೆ ಎಂದಳು ಅವಳು. ಅವಳ ದನಿಯಲ್ಲಿ ಕಳ್ಳತನ ಇರಲಿಲ್ಲ. ಅವಳಿಗೆ ಅದು ಅಳಿಯ ಅತ್ತೆಗೆ ಮಾಡಿದ ಉಪಕಾರ.

ಗಿರಿಮಲ್ಲಪ್ಪ ಮನೆಗಳ ಹಿಂದಿನ ಸಂದಿಯಲ್ಲಿ ಊರ ತುದಿಯವರೆಗೆ ನಡೆದ. ಒಂದೊಂದು ಹಿತ್ತಿಲಲ್ಲೂ ಅದೇ ಹಳದಿ ಪೈಪು. ಒಂದು ಮನೆಯಲ್ಲಿ ಬಚ್ಚಲಿಗೆ, ಒಂದು ಮನೆಯಲ್ಲಿ ಎಮ್ಮೆಯ ಗಂಜಲ ಹರಿಯಲು, ಮಠದ ಹಿಂದೆ ಮುಸುರೆ ನೀರಿಗೆ. ಯಲ್ಲಾಲಿಂಗನ ಹೊಸ ಮನೆಯಲ್ಲಿ ಅದು ಕಕ್ಕಸಿನ ಗುಂಡಿಯಿಂದ ಹೊರಟು ಚರಂಡಿಗೆ ಬಿದ್ದಿತ್ತು. ನೆಲದ ರೋಗ ತೆಗೆಯಲು ಬಂದ ಪೈಪು ಇಡೀ ಊರಿನ ಹೊಲಸು ಹೊರುತ್ತಿತ್ತು. ಈ ಸಂದಿಯಲ್ಲಿ ಅವನು ಎಷ್ಟು ಸಲ ನಡೆದಿದ್ದನೋ. ಕಂಡಿದ್ದ, ಕೇಳಿರಲಿಲ್ಲ. ಅಂದು ಮಧ್ಯಾಹ್ನ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ. ಎದ್ದು ಹೋಗಿ ಹಿತ್ತಿಲ ಪೈಪನ್ನು ಎರಡೂ ಕೈಯಲ್ಲಿ ಕಿತ್ತು ಗೋಡೆಗೆ ಎಸೆದ. ಮುತ್ತವ್ವ ಮರುದಿನದಿಂದ ಬಚ್ಚಲ ನೀರನ್ನು ಬಕೆಟ್ಟಿನಲ್ಲಿ ಹೊತ್ತು ತೆಂಗಿಗೆ ಹಾಕತೊಡಗಿದಳು.

ಸಂಜೆ ಯಲ್ಲಾಲಿಂಗ ತಾನೇ ಬಂದ. ಹೊಲ ಅಗೆದ ಸುದ್ದಿ ಅವನಿಗೆ ಮುಟ್ಟಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಕಾಲು ಮುಟ್ಟಲು ಬಂದ. ಗಿರಿಮಲ್ಲಪ್ಪ ಕಾಲು ಹಿಂದಕ್ಕೆಳೆದುಕೊಂಡ. ಹುಡುಗನಿಗೆ ನಾಚಿಕೆಯಾಗುತ್ತದೆ, ಅಳುತ್ತಾನೆ, ಕಂಪನಿಯವರು, ಮೇಲಿನ ಸಾಹೇಬರು ಎಂದು ಯಾರ ಮೇಲಾದರೂ ಹಾಕುತ್ತಾನೆ ಎಂದುಕೊಂಡಿದ್ದ. ಯಲ್ಲಾಲಿಂಗ ಏನನ್ನೂ ಅಲ್ಲಗಳೆಯಲಿಲ್ಲ. ಆರಾಮಾಗಿ ಕೂತು, ಎಲ್ಲ ಕಡೆ ಹೀಗೇ ನಡೆಯುತ್ತದೆ, ಎಂಟು ಹೊಲಕ್ಕಾದರೂ ಸರಿಯಾಗಿ ಹಾಕಿಸಿದವನು ತಾನೊಬ್ಬನೇ ಎಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಒಂದು ಹೆಮ್ಮೆ ಕೂಡ ಇತ್ತು.

"ಎರಡನೇ ಹಂತ ಮಂಜೂರ ಆಗೈತಿ ಮಾಮಾ. ಈ ಸಲ ಮೊದಲ ನಿಮ್ಮ ಹೊಲಕ್ಕ ಹಾಕಸತೇನಿ."

"ನನ್ನ ಹೊಲಕ್ಕ ಹಾಕೀರಿ ಅಂತ ನಾನ ಸಹಿ ಮಾಡೀನಲ್ಲೋ. ಮತ್ತ ಹೆಂಗ ಹಾಕತಿ?"

"ಕಾಗದದಾಗ ಬ್ಯಾರೆ ಸರ್ವೆ ನಂಬರ ತೋರಿಸಿದ್ರಾತು."

ಗಿರಿಮಲ್ಲಪ್ಪ ಎದ್ದು ನಿಂತು, ಮನೆಯಿಂದ ಹೊರಗೆ ಹೋಗು ಎಂದ. ದನಿ ಏರಿಸಲಿಲ್ಲ. ಯಲ್ಲಾಲಿಂಗ ಅತ್ತೆಯ ಕಡೆ ನೋಡಿದ. ಮುತ್ತವ್ವ ಕದ ಹಿಡಿದು ನಿಂತಿದ್ದಳು. ಅವಳು ಕದವನ್ನು ಇನ್ನಷ್ಟು ತೆರೆದಳು.

ಮೂರನೇ ದಿನ ಗಿರಿಮಲ್ಲಪ್ಪ ಸಂಘದ ಸಭೆ ಕರೆದ. ಸಮುದಾಯ ಭವನದಲ್ಲಿ ಮೂವತ್ತು ಮಂದಿ ಸೇರಿದರು. ಅವನು ತಾನು ಅಗೆದದ್ದು, ಕಂಡದ್ದು ಎಲ್ಲ ಹೇಳಿದ. ತಾನು ನೋಡದೆ ಸಹಿ ಮಾಡಿದ್ದು ತಪ್ಪು ಎಂದೂ ಹೇಳಿ, ಎಲ್ಲರೂ ಕೂಡಿ ಅರ್ಜಿ ಕೊಡೋಣ ಎಂದ. ಈಶ್ವರ ಎದ್ದ. ಮೇಲಿನ ಎಂಟು ಹೊಲಗಳಲ್ಲಿ ಒಂದು ಅವನದು. ಒಂದು ತಕರಾರು ಹೋದರೆ ಐದು ವರ್ಷ ಈ ಊರಿಗೆ ಯಾವ ಯೋಜನೆಯೂ ಬರುವುದಿಲ್ಲ, ಕೃಷಿ ಹೊಂಡ, ಹನಿ ನೀರಾವರಿ, ಮುಂದೆ ಬರುವ ಎರಡನೇ ಹಂತ ಎಲ್ಲ ನಿಂತುಹೋಗುತ್ತದೆ ಎಂದ. ಹಲವರು ತಲೆ ಆಡಿಸಿದರು. ಪೈಪು ಬೀಳದ ಹೊಲದವರೇ ಹೆಚ್ಚು ಆಡಿಸಿದರು. ಸಿಗದಿದ್ದವನಿಗೆ ಮುಂದಿನ ಸಲ ಸಿಕ್ಕೀತು ಅನ್ನುವ ಆಸೆ. ಆ ಆಸೆಯನ್ನು ಕಟ್ಟಿಹಾಕಿದ ಗೂಟ ಯಲ್ಲಾಲಿಂಗನ ಅಂಗಳದಲ್ಲಿತ್ತು.

ಹಿಂದಿನ ಸಾಲಿನಿಂದ ಒಬ್ಬ ಮೆಲ್ಲಗೆ, "ನಿಮ್ಮ ಬಚ್ಚಲಕ್ಕೂ ಹಾಕಿದ್ರಲ್ಲ," ಅಂದ.

ಸಭೆ ಅಲ್ಲಿಗೆ ಮುಗಿಯಿತು. ಹೋಗುವಾಗ ಎಲ್ಲರೂ ಅವನಿಗೆ ಕೈಮುಗಿದೇ ಹೋದರು. ಆ ಕೈಮುಗಿತ ಅವನಿಗೆ ಬೈಗಳಕ್ಕಿಂತ ಹೆಚ್ಚು ಹೇಸಿಗೆ ತರಿಸಿತು.

ಮರುದಿನ ಒಬ್ಬನೇ ಜಮಖಂಡಿಗೆ ಹೋದ. ಆಫೀಸಿನ ಮೇಲಿನ ಮಹಡಿಯಲ್ಲಿ ಸಂಧ್ಯಾ ಕೂತಿದ್ದಳು. ಇವನನ್ನು ಕಂಡು ಎದ್ದು ನಿಂತಳು, ಕುರ್ಚಿ ಕೊಟ್ಟಳು. ಅಪ್ಪ ಫೋನ್ ಮಾಡಿ ಎಲ್ಲ ಹೇಳಿದ್ದ ಎಂದು ಅವಳ ಮುಖವೇ ಹೇಳುತ್ತಿತ್ತು. ಫೈಲು ತೆಗೆದು ತೋರಿಸಿದಳು. ಮೂವತ್ತೆಂಟು ಹೊಲ, ಮೂವತ್ತೆಂಟು ಫೋಟೋ, ಎಲ್ಲದರಲ್ಲೂ ಒಂದೇ ಸುರುಳಿ. ಕೊನೆಯ ಹಾಳೆಯಲ್ಲಿ ಅವನ ಸಹಿ.

"ಈ ಫೈಲ ನಿಂತದ್ದು ಇದರ ಮ್ಯಾಲ ಕಾಕಾ," ಅಂದಳು. "ನೀವು ತಕರಾರು ಕೊಟ್ರ ಮೊದಲ ನೋಟೀಸು ನಿಮಗ ಬರತೈತಿ."

ಆಮೇಲೆ ತಲೆ ಎತ್ತದೆ ಇನ್ನೊಂದು ಹಾಳೆ ತಿರುವಿದಳು. ಹೋದ ವರ್ಷ ಅವಳನ್ನು ಪರಿಶೀಲನೆಗೆ ಕಳಿಸಿದ್ದರು. ಚೇಂಬರಿನ ಮುಚ್ಚಳಗಳನ್ನು ನೋಡಿ, ಪೈಪು ಕೆಲಸ ಮಾಡುತ್ತಿವೆ ಎಂದು ಬರೆದಿದ್ದಳು. ತನ್ನ ಅಪ್ಪನ ಹೊಲದ ಚೇಂಬರು ಕೂಡ ಅದರಲ್ಲಿತ್ತು. ನೌಕರಿಗೆ ಸೇರಿ ಆಗ ನಾಲ್ಕು ತಿಂಗಳಾಗಿತ್ತು ಎಂದಳು. ಅದು ಸಬೂಬು ಅಲ್ಲ ಎಂದೂ ತಾನೇ ಹೇಳಿದಳು.

ಗಿರಿಮಲ್ಲಪ್ಪ ಒಂದು ಬಿಳಿ ಹಾಳೆ ಕೇಳಿದ. ಹೊರಗಿನ ಬೆಂಚಿನ ಮೇಲೆ ಕೂತು ಬರೆದ. ಮೊದಲ ಸಾಲಿನಲ್ಲೇ, ನಾನು ಕೆಲಸವನ್ನು ನೋಡದೆ ಸಹಿ ಮಾಡಿದ್ದೇನೆ ಎಂದು ಬರೆದ. ಸಂಧ್ಯಾ ಓದಿದಳು, ಸ್ವೀಕರಿಸಿದ ಮುದ್ರೆ ಒತ್ತಿ ಪ್ರತಿ ಕೊಟ್ಟಳು.

ತನಿಖೆಗೆ ಮಂದಿ ಬಂದದ್ದು ಒಂದೂವರೆ ತಿಂಗಳಿಗೆ. ಮೂರು ಗಾಡಿಯಲ್ಲಿ ಬಂದರು. ನೇರವಾಗಿ ಈಶ್ವರನ ಹೊಲಕ್ಕೆ ಹೋಗಿ ಅಗೆಸಿದರು. ಪೈಪು ಸಿಕ್ಕಿತು. ಆಳ ಅಳೆದರು, ಫೋಟೋ ತೆಗೆದರು, ಸರಿಯಾಗಿದೆ ಎಂದರು. ಕೆಳಗಿನ ಹೊಲಕ್ಕೆ ಬನ್ನಿ ಎಂದು ಗಿರಿಮಲ್ಲಪ್ಪ ಕರೆದ. ಅಲ್ಲಿ ಗಾಡಿ ಹೋಗುವುದಿಲ್ಲ ಎಂದರು. ನಡೆದು ಹೋದರೆ ಎರಡು ಫರ್ಲಾಂಗು ಎಂದ. ಊಟದ ಹೊತ್ತಾಯಿತು ಎಂದರು. ಊಟ ಯಲ್ಲಾಲಿಂಗನ ಮನೆಯಲ್ಲಿತ್ತು. ಶೇಂಗಾ ಹೋಳಿಗೆ ಮಾಡಿಸಿದ್ದ. ಎರಡು ತಾಸು ಗಿರಿಮಲ್ಲಪ್ಪ ರಸ್ತೆಯಲ್ಲೇ ನಿಂತ. ಅವನ ಜೊತೆ ನಿಂತವರು ಸಾತಪ್ಪ, ಮತ್ತೆ ಊಟಕ್ಕೆ ಹೋಗದ ಸಂಧ್ಯಾ.

ಉಂಡು ಬಂದ ಮೇಲೆ ಅವರು ಅವನ ಹೊಲಕ್ಕೂ ಬಂದರು. ಬದುವಿನ ಮೇಲೆ ನಿಂತು, ಅವನೂ ಸಾತಪ್ಪನೂ ಅಗೆದ ತೋಡನ್ನು ನೋಡಿದರು. ಹಿರಿಯ ಸಾಹೇಬರು, ಇದನ್ನು ಯಾರ ಅಪ್ಪಣೆ ಪಡೆದು ಅಗೆದಿರಿ ಎಂದು ಕೇಳಿದರು. ಅಲ್ಲಿಂದ ಅವನ ಮನೆಗೆ ಹೋದರು. ಕಿತ್ತು ಎಸೆದ ಪೈಪು ಹಿತ್ತಿಲ ಗೋಡೆಗೆ ಒರಗಿ ಇನ್ನೂ ಅಲ್ಲೇ ಬಿದ್ದಿತ್ತು. ಅದರ ಫೋಟೋ ತೆಗೆದರು. ಮುತ್ತವ್ವ ಅಡ್ಡ ಬಂದು, ಅದನ್ನು ಹಾಕಿಸಿದವನು ಯಾರು ಎಂದು ಅಲ್ಲೇ ನಿಂತಿದ್ದ ಯಲ್ಲಾಲಿಂಗನ ಕಡೆ ಕೈ ಮಾಡಿದಳು. ಯಾರೂ ಬರೆದುಕೊಳ್ಳಲಿಲ್ಲ. ಹದಿನೈದು ದಿನಕ್ಕೆ ಗಿರಿಮಲ್ಲಪ್ಪನಿಗೆ ನೋಟೀಸು ಬಂತು. ಸರ್ಕಾರಿ ಪೈಪನ್ನು ಹೊಲದಿಂದ ಕಿತ್ತು ಸ್ವಂತಕ್ಕೆ ಬಳಸಿದ್ದೀರಿ, ಸುಳ್ಳು ತಕರಾರು ಕೊಟ್ಟಿದ್ದೀರಿ, ಯಾಕೆ ಕ್ರಮ ತೆಗೆದುಕೊಳ್ಳಬಾರದು ಎಂದಿತ್ತು.

ಫೈಲು ಅಂದೇ ಮುಚ್ಚಿಹೋಗಬೇಕಿತ್ತು. ಹೋಗಲಿಲ್ಲ. ಪಂಚನಾಮೆಯಲ್ಲಿ ತನ್ನ ಸಹಿಯ ಮೇಲೆ ಸಂಧ್ಯಾ ಒಂದು ಸಾಲು ಬರೆದಿದ್ದಳು. ಮೂವತ್ತೆಂಟು ಹೊಲಗಳ ಪೈಕಿ ಒಂದನ್ನು ಮಾತ್ರ ಅಗೆದು ನೋಡಲಾಗಿದೆ. ಅದೊಂದು ಸಾಲಿನಿಂದ ಫೈಲು ಮುಚ್ಚಲೂ ಆಗದೆ, ತೆರೆಯಲೂ ಆಗದೆ ಮೇಲಿನ ಆಫೀಸಿಗೂ ಕೆಳಗಿನ ಆಫೀಸಿಗೂ ತಿರುಗತೊಡಗಿತು. ಅವಳನ್ನು ಹೊಲದ ಕೆಲಸದಿಂದ ತೆಗೆದು ಹಳೆಯ ನಕಾಶೆಗಳ ಕೋಣೆಗೆ ಕೂರಿಸಿದರು.

ಈ ನಡುವೆ ಗಿರಿಮಲ್ಲಪ್ಪ ಬೀಳಗಿ ಬಸ್ಸು ಹತ್ತಿ ರುಕ್ಮವ್ವನ ಊರಿಗೆ ಹೋಗಿದ್ದ. ಮನೆ ಹುಡುಕಿ, ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದ ಅವಳೆದುರು ಕೂತು ಎಲ್ಲ ಹೇಳಿದ. ತನ್ನ ಹೂಂ ಸುಳ್ಳಾಗಿತ್ತು ಎಂದ. ಅವಳು ಮೊರ ಕೆಳಗಿಟ್ಟಳು. ಬಂದವನಿಗೆ ನೀರನ್ನೂ ಕೊಡಲಿಲ್ಲ.

"ನಾವು ಸಹಿ ಮಾಡಿ ಇಪ್ಪತ್ತು ದಿನಾತ್ರಿ," ಅಂದಳು. "ನಿಮ್ಮ ಮಾತು ಕೇಳಿ ಮಾಡೀವಿ."

ಅವನು ಏಳಲು ಹೋದ. ಆಗ ಅವಳು, ಮೊದಲ ವಾರ ನೀವು ತೋಡಿನ ದಂಡೆಗೆ ಕೂತು ಏನೇನು ನೋಡಿದಿರಿ ಅದನ್ನು ಹೇಳಿ ಎಂದಳು. ಅವನು ಹೇಳಿದ. ಆಳ, ಇಳಿಜಾರು, ಜೋಡಣೆ, ಜಾಳಿಗೆ ಹರಿಯದಂತೆ ಇಳಿಸುವುದು. ಅವಳು ಕೇಳಿಕೊಂಡು, "ಹಂಗಾರ ನೀವ ಬಂದು ಕೂಡ್ರಿ," ಅಂದಳು. ಅದು ಬೇಡಿಕೆ ಆಗಿರಲಿಲ್ಲ.

ಏಪ್ರಿಲ್ಲಿನಲ್ಲಿ ಅಲ್ಲಿ ಕೆಲಸ ಶುರುವಾಯಿತು. ಗಿರಿಮಲ್ಲಪ್ಪ ದಿನಾ ಮುಂಜಾನೆ ಮೊದಲ ಬಸ್ಸಿಗೆ ಹೋಗಿ ಸಂಜೆ ಮರಳುತ್ತಿದ್ದ. ಮುತ್ತವ್ವ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಊರಲ್ಲಿ ಮಂದಿ, ಮುದುಕನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಅಲ್ಲಿ ರುಕ್ಮವ್ವ ಐದಾರು ಹೆಂಗಸರನ್ನು ಕೂಡಿಸಿಕೊಂಡು ತೋಡಿನ ದಂಡೆಗೆ ಕೂತಿರುತ್ತಿದ್ದಳು. ಗುತ್ತಿಗೆಯವರು ಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ ಇವರು ಇದ್ದೇ ಇರುತ್ತಾರೆ ಎಂದು ಬಿಟ್ಟರು. ಒಂದು ದಿನ ಹೆಂಗಸರು ಊಟಕ್ಕೆ ಎದ್ದು ಬರುವಷ್ಟರಲ್ಲಿ ಎರಡು ಸಾಲು ಪೈಪಿಲ್ಲದೆ ಮುಚ್ಚಿದ್ದರು. ರುಕ್ಮವ್ವ ಸಲಿಕೆ ತೆಗೆದುಕೊಂಡು ತಾನೇ ಮಣ್ಣು ತೆಗೆಯತೊಡಗಿದಳು. ಗಿರಿಮಲ್ಲಪ್ಪ ಮೂರನೇ ಸಾಲಿನ ತೋಡಿನೊಳಗೆ ಇಳಿದು ನಿಂತ. ಜೆಸಿಬಿಯವನು ಯಂತ್ರ ನಿಲ್ಲಿಸಿದ. ಸಂಜೆಯ ಹೊತ್ತಿಗೆ ಪೈಪು ಬಂತು.

ಅಲ್ಲಿಯ ಕೆಲಸ ಮೇ ತಿಂಗಳಲ್ಲಿ ಮುಗಿಯಿತು. ಜೂನಿನ ಕೊನೆಗೆ ಎರಡು ದೊಡ್ಡ ಮಳೆಯಾದವು. ರುಕ್ಮವ್ವ ಫೋನ್ ಮಾಡಿ ಬರಹೇಳಿದಳು. ಅವನು ಹೋದಾಗ ಹೆಂಗಸರೆಲ್ಲ ಹಳ್ಳದ ಬಾಯಲ್ಲಿ ನಿಂತಿದ್ದರು. ದೊಡ್ಡ ಪೈಪಿನಿಂದ ಹೆಬ್ಬೆರಳು ಗಾತ್ರದ ನೀರು, ಬಿಡದೆ, ಒಂದೇ ಹದಕ್ಕೆ ಬೀಳುತ್ತಿತ್ತು. ರುಕ್ಮವ್ವ ಬೊಗಸೆಗೆ ಹಿಡಿದು ನಾಲಿಗೆಗೆ ಹಚ್ಚಿಕೊಂಡು ಉಗುಳಿದಳು.

"ಉಪ್ಪು ಅದಾವ್ರಿ, ಬಾಯಾಗ ಇಟ್ಕೊಳ್ಳಾಕ ಆಗವಲ್ಲದು," ಅಂದಳು. ಹೆಂಗಸರು ನಕ್ಕರು.

ಗಿರಿಮಲ್ಲಪ್ಪ ನೀರು ನೋಡುತ್ತ ನಿಂತ. ಸಂತೋಷವಾದೀತು ಎಂದುಕೊಂಡು ಬಂದಿದ್ದ. ಆಗಲಿಲ್ಲ. ಹಿತ್ತಿಲ ಪೈಪು ಕಂಡ ದಿನದ ಹೇಸಿಗೆಯೇ ಮತ್ತೆ ಬಂತು. ನಾಲ್ಕು ಫೂಟು ತೋಡು, ಒಂದು ಪೈಪು, ಒಂದಿಷ್ಟು ಇಳಿಜಾರು. ಇದರಲ್ಲಿ ಯಾರಿಗೂ ತಿಳಿಯದ ವಿದ್ಯೆ ಯಾವುದೂ ಇರಲಿಲ್ಲ. ತಂದ ಪೈಪನ್ನು ತೋಡಿನೊಳಗೆ ಇಟ್ಟು ಮಣ್ಣು ಎಳೆದಿದ್ದರೆ ಮುಗಿಯುತ್ತಿತ್ತು. ಅದನ್ನು ಮಾಡದೇ ಇರಲು ಎಷ್ಟೊಂದು ಮಂದಿ, ಎಷ್ಟೊಂದು ಫೋಟೋ, ಎಷ್ಟೊಂದು ಸಹಿ ಬೇಕಾಗಿದ್ದವು.

"ಇಷ್ಟ ಸರಳ ಇತ್ತು," ಅಂದ.

ರುಕ್ಮವ್ವನಿಗೆ ಕೇಳಿಸಲಿಲ್ಲ. ಉಂಡು ಹೋಗಿ ಎಂದು ಅವಳು ಕರೆಯುತ್ತಿದ್ದಳು. ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಅವನು ಬಸ್ಸಿನ ಕಡೆ ನಡೆದ. ನೋಟೀಸಿನ ವಿಚಾರಣೆ ಮರುದಿನ ಹನ್ನೊಂದಕ್ಕೆ ಜಮಖಂಡಿಯಲ್ಲಿತ್ತು. ಮೂರು ಸಲ ಮುಂದೆ ಹಾಕಿದ ಮೇಲೆ ಕೊಟ್ಟ ನಾಲ್ಕನೆಯ ತಾರೀಖು ಅದು.